ಕಾರ್ ಶೆಡ್ಡಿನಲ್ಲಿ ಹಸುವಿನ ಮ್ಯಾಟು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಕಾಫಿ ಕುಡಿಯುವುದಕ್ಕೂ ಮುಂಚೆ, ನಾನು ತಪ್ಪದೆ ಮಾಡುವ ಕೆಲಸವೊಂದಿದೆ. ದೇವರಿಗೆ ಕೈಮುಗಿಯುವುದು ಅಂದುಕೊಂಡಿರೇನೋ. ಅಲ್ಲ, ಅದು ಆಮೇಲೆ. ಮೊದಲು ಕಾರ್ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ನೆಲದ ಮೇಲೆ ಬಿದ್ದಿರುವ ಕಪ್ಪು ರಬ್ಬರ್ ಮ್ಯಾಟಿನ ಒಂದು ಮೂಲೆ ಎತ್ತಿ, ಕೆಳಗೆ ಅಂಗೈ ಇಟ್ಟು ನೋಡುತ್ತೇನೆ. ಒಣಗಿದ್ದರೆ ಸಮಾಧಾನ. ತಣ್ಣಗೆ ಅಂಟಿದರೆ ಕಾಫಿಯೂ ರುಚಿಸುವುದಿಲ್ಲ. ನನ್ನ ಹೆಂಡತಿ ಜಯ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿ, "ತೊಟ್ಟಿಲ ಮಗು ಉಚ್ಚೆ ಹುಯ್ಕೊಂಡಿದೆಯಾ ಅಂತ ನೋಡೋ ಹಾಗೆ ನೋಡ್ತೀರಲ್ರೀ" ಅನ್ನುತ್ತಾಳೆ. ಮಕ್ಕಳು ನಿಜವಾಗಿ ತೊಟ್ಟಿಲಲ್ಲಿದ್ದಾಗ ಈ ಮುತುವರ್ಜಿ ಎಲ್ಲಿತ್ತು ಅನ್ನುವ ಪ್ರಶ್ನೆಯೂ ಆ ಮಾತಿನ ಒಳಗೇ ಇರುತ್ತದೆ. ಅದಕ್ಕೆ ನಾನು ಕಿವಿ ಕೊಡುವುದಿಲ್ಲ.

ಮೊದಲು ನಮ್ಮ ನೆಲದ ಕತೆ ಹೇಳಬೇಕು. ಮಂಡ್ಯದಲ್ಲಿ ನಾವು ಮನೆ ಕಟ್ಟಿಸಿರುವ ಬಡಾವಣೆ ಒಂದು ಕಾಲಕ್ಕೆ ಭತ್ತದ ಗದ್ದೆ. ಸೈಟು ಮಾರಿದ ಗೌಡರು ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ತೋರಿಸಿ, "ನೋಡಿ ಮೇಷ್ಟ್ರೇ, ಬ್ಯಾಸ್ಗೇಲೂ ತ್ಯಾವ ಆರಾಕಿಲ್ಲ, ಚಿನ್ನದಂತಾ ಭೂಮಿ" ಅಂದಿದ್ದರು. ನಾನು ಭತ್ತ ನಾಟಿ ಮಾಡುವವನ ಹಾಗೆ ಖುಷಿಪಟ್ಟೆ. ಅಲ್ಲಿ ನಾವು ನೆಡಬೇಕಾಗಿದ್ದದ್ದು ಕಂಬ ಅನ್ನುವುದು ಆಗ ಹೊಳೆಯಲಿಲ್ಲ. ಮನೆ ಎದ್ದಿತು, ಪಕ್ಕದಲ್ಲಿ ಕಾರ್ ಶೆಡ್ಡೂ ಎದ್ದಿತು. ನಾಲೆಗೆ ನೀರು ಬಿಟ್ಟ ಕೆಲವೇ ದಿನಕ್ಕೆ ಶೆಡ್ಡಿನ ಸಿಮೆಂಟು ನೆಲ ಬೆವರತೊಡಗಿತು. ಕನ್ನಂಬಾಡಿ ಕಟ್ಟೆ ತುಂಬಿತು ಅಂದರೆ ಮಂಡ್ಯದವರಿಗೆ ಹಬ್ಬ. ನನಗೂ ಹಬ್ಬವೇ. ಆದರೆ ಹಬ್ಬದ ನೆಂಟರು ಮುಂಬಾಗಿಲಿಂದ ಬರಬೇಕು, ನೆಲದ ಕೆಳಗಿಂದ ಬಂದರೆ ಹೇಗೆ? ನಾಲೆಗೆ ನೀರು ಬಂದ ಸುದ್ದಿ ಈಗಲೂ ನನಗೆ ಪೇಪರಿನವನಿಗಿಂತ ಮುಂಚೆ ಶೆಡ್ಡೇ ತಿಳಿಸುತ್ತದೆ.

ಮದ್ದೂರಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ರಿಟೈರ್ ಆದವನು ನಾನು. ಅಣೆಕಟ್ಟು, ನಾಲೆ, ತೂಬು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಗೆರೆ ಎಳೆದವನಿಗೆ ತನ್ನ ಮನೆ ನೆಲವೇ ನಕಾಶೆಯಾದದ್ದು ಒಂದು ರೀತಿಯಲ್ಲಿ ಸರಿಯೇ. ನೆಲ ಬೆವರಿದರೆ ಬೆವರಲಿ, ಕಾರಿಗೇನು ನೆಗಡಿಯಾಗುತ್ತದೆಯೇ ಎಂದು ಸುಮ್ಮನಿದ್ದೆ. ಕಾರೂ ಹೆಚ್ಚಾಗಿ ಹೊರಗೆ ಹೊಂಗೆ ಮರದ ಕೆಳಗೇ ನಿಂತಿರುತ್ತದೆ. ಶೆಡ್ಡಿನಲ್ಲಿ ಜಯ ಬಟ್ಟೆ ಒಣಗಿಸುತ್ತಾಳೆ. ಹೀಗೆ ನೆಮ್ಮದಿಯಾಗಿದ್ದ ಶೆಡ್ಡಿಗೆ ನಮ್ಮಕ್ಕ ಬಂದಳು.

ಅಕ್ಕ ಚಿಕ್ಕತಾಯಮ್ಮ ನನಗಿಂತ ದೊಡ್ಡವಳು, ಎಪ್ಪತ್ತಕ್ಕೆ ಹತ್ತಿರ. ನಾವು ಹುಟ್ಟಿದ್ದು ದುದ್ದದಲ್ಲಿ. ಅಕ್ಕನನ್ನು ಕೊಟ್ಟದ್ದು ಮಳವಳ್ಳಿ ಕಡೆಯ ಬೆಳಕವಾಡಿಗೆ. ಅವಳೂ ಭಾವನೂ ಅಲ್ಲಿ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ದಿನಕ್ಕೆರಡು ಹೊತ್ತು ಚೆನ್ನಾಗಿ ಜಗಳವಾಡಿಕೊಂಡು ಸುಖವಾಗಿದ್ದಾರೆ. ಈ ಮಳೆಗಾಲದ ಶುರುವಿನಲ್ಲಿ ಅಕ್ಕ ಡೈರಿಯಿಂದ ವಾಪಸು ಬರುವಾಗ ಚರಂಡಿ ಚಪ್ಪಡಿಯ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಜನ ಓಡಿಹೋಗಿ ಎತ್ತಿದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಸದ್ಯ, ಆಲು ಆಕಿ ಬಂದಿದ್ದೆ ಕಣ್ರಪ್ಪ." ಹಾಲು ಚೆಲ್ಲಲಿಲ್ಲ, ಮೂಳೆ ತಾನೇ ಮುರಿದದ್ದು ಅನ್ನುವ ಲೆಕ್ಕ. ಇಂಥವಳನ್ನು ಕಂಡರೆ ನನಗೆ ಮೊದಲಿನಿಂದಲೂ ಬೆರಗು.

ಚಿಕ್ಕಂದಿನ ಒಂದು ವಿಷಯ ಹೇಳಿಬಿಡುತ್ತೇನೆ. ದುದ್ದದ ನಮ್ಮ ಮನೆ ಮುಂದೆ ರಾಗಿ ತುಂಬುವ ಹಗೇವು ಇತ್ತು. ನೆಲದೊಳಗಿನ ಗುಂಡಿ, ಹೊಟ್ಟೆ ದಪ್ಪ, ಬಾಯಿ ಚಿಕ್ಕದು. ಒಳಗೆ ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತೇವ ಹೊಕ್ಕರೆ ಮಾತ್ರ ಮುಗಿಯಿತು. ಬಾಯಿ ತೆಗೆದ ಮೇಲೆ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಯಾರಾದರೂ ಇಳಿಯಬೇಕು. ಚಿಕ್ಕ ಬಾಯಿ, ದೊಡ್ಡವರು ಹಿಡಿಸುವುದು ಕಷ್ಟ. ನಾನು ಅಮ್ಮನ ಸೆರಗಿನ ಹಿಂದೆ. ಅಕ್ಕ ಲಂಗ ಮೇಲೆ ಕಟ್ಟಿ ಇಳಿದೇಬಿಡುತ್ತಿದ್ದಳು. ಒಳಗಿಂದ ಅವಳ ಧ್ವನಿ ಗುಂಯ್ ಎಂದು ಬರುತ್ತಿತ್ತು, "ಒಣುಗ್ಗದೆ ಕಣವ್ವೋ!" ಆ ಒಂದು ಮಾತಿಗೆ ಮನೆಯಲ್ಲಿ ಎಲ್ಲರೂ ಉಸಿರು ಬಿಡುತ್ತಿದ್ದರು. ನಾನು ಮೇಷ್ಟ್ರಾದೆ, ಅವಳು ಹಸು ಕಟ್ಟಿದಳು. ಧೈರ್ಯ ಹಂಚಿದ ದಿನ ಮಾತ್ರ ನಾನು ಸಾಲಿನಲ್ಲಿ ಬಹಳ ಹಿಂದೆ ನಿಂತಿದ್ದೆ ಅಂತ ಕಾಣುತ್ತದೆ.

ಆಪರೇಷನ್ ಮಂಡ್ಯದಲ್ಲೇ ಆಯಿತು. ನಡಿಗೆ ಕಲಿಯುವವರೆಗೆ ನಮ್ಮ ಮನೆಯಲ್ಲೇ ಇರಲಿ ಅಂದೆವು. ಬಗ್ಗಬಾರದು, ಚಕ್ಕಂಬಕ್ಕಳ ಹಾಕಬಾರದು, ತಗ್ಗಿನ ಕುರ್ಚಿಯಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. "ಈ ತುದಿಯಿಂದ ಆ ತುದಿಗೆ ಯಾರೂ ಹಿಡಿಯದೆ ಹೋಗಿ ತಿರುಗಿ ಬನ್ನಿ, ಆಮೇಲೆ ಊರಿಗೆ ಹೋಗಿ" ಎಂದೂ ಹೇಳಿದ್ದರು. ಅಕ್ಕ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. ಯಾಕೆಂದರೆ ಊರಿನಲ್ಲಿ ಕೆಂಪಿ ತುಂಬು ಗಬ್ಬ. ಕೆಂಪಿ ಅಂದರೆ ಅಕ್ಕ ಕರುವಿನಿಂದ ಸಾಕಿದ ಹಸು, ಇದು ಅದರ ಚೊಚ್ಚಲು. "ಅದ್ಕೆ ನಾನ್ ಬುಟ್ರೆ ಇನ್ಯಾರೂ ಆಗಾಕಿಲ್ಲ. ಅದು ಈಯೋ ಒತ್ಗೆ ನಾನಲ್ಲಿರ್ಬೇಕು ಕಣ್ಲಾ ಸಿವ್ಲಿಂಗ" ಎಂದು ಬಂದ ದಿನವೇ ನನಗೆ ತಾಕೀತು ಮಾಡಿದಳು. ಈಯುವ ದಿನ ನನ್ನ ಕೈಯಲ್ಲಿದೆ ಅನ್ನುವ ಹಾಗೆ.

ನಡೆಯುವುದೆಲ್ಲಿ? ಮನೆಯೊಳಗೆ ಹೆಜ್ಜೆಗೊಂದು ಹೊಸ್ತಿಲು, ಹೊರಗೆ ಮೆಟ್ಟಿಲು. ಉದ್ದವಾಗಿ, ಸಮವಾಗಿ ಇರುವುದು ಶೆಡ್ಡೊಂದೇ. ಆದರೆ ಬೆವರುವ ಸಿಮೆಂಟು ನೆಲ ಜಾರುತ್ತದೆ. ಫೋನಿನಲ್ಲಿ ಇದನ್ನು ಕೇಳಿದ ಭಾವ ಮಾರನೆಯ ದಿನವೇ ಗೂಡ್ಸ್ ಆಟೋದಲ್ಲಿ ರಬ್ಬರ್ ಮ್ಯಾಟು ತುಂಬಿಕೊಂಡು ಬಂದ. ಕೊಟ್ಟಿಗೆಯಲ್ಲಿ ಹಸು ಜಾರದಿರಲಿ, ಮಂಡಿ ತರಚದಿರಲಿ ಎಂದು ಹಾಸುವ ದಪ್ಪ ಮ್ಯಾಟು. ತಂದದ್ದು ಅಂಗಡಿಯಿಂದಲ್ಲ, ತನ್ನ ಹಸುಗಳ ಕಾಲ ಕೆಳಗಿಂದ ಎಳೆದು, ಉಜ್ಜಿ ತೊಳೆದು ತಂದಿದ್ದ.

"ಅಯ್ಯೋ ನಿನ್ ಮನೆ ಕಾಯೋಗ, ಅಸ ಯಾತರ್ ಮ್ಯಾಲೆ ನಿಂತ್ಕತವೆ?" ಎಂದು ಅಕ್ಕ ಕುರ್ಚಿಯಿಂದಲೇ ಕೂಗಿದಳು.

"ಉಲ್ಲು ಆಸಿವ್ನಿ ಕಣಮ್ಮಿ. ಅವು ನಾಕ್ ಕಾಲಲ್ಲಿ ನಿಂತವೆ, ಜಾರಾಕಿಲ್ಲ. ನಿಂಗಿರೋದೇ ಎಲ್ಡು, ಅದ್ರಲ್ಲೂ ಒಂದು ರಿಪೇರಿ" ಅಂದ ಭಾವ.

ಹೆಂಡತಿಗೆ ರೇಷ್ಮೆ ಸೀರೆ ತಂದುಕೊಟ್ಟು ಪ್ರೀತಿ ತೋರಿಸಿದವರನ್ನು ನಾನು ನೋಡಿದ್ದೇನೆ. ಹಸುವಿನ ಕೆಳಗಿನ ಹಾಸಿಗೆ ಕಿತ್ತು ತಂದು ತೋರಿಸಿದವನು ನಮ್ಮ ಭಾವ ಒಬ್ಬನೇ. ಶೆಡ್ಡಿನ ತುಂಬ ತಾನೇ ಬಗ್ಗಿ ಒಂದಕ್ಕೊಂದು ತಾಗಿಸಿ ಹಾಸಿ, ಮೇಲೆ ಕುಣಿದು ತೋರಿಸಿ, ಮುದ್ದೆ ಉಂಡು ಊರಿಗೆ ಹೋದ.

ಎರಡು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ವಾಸನೆ ಶುರುವಾಯಿತು. ನೆನೆದ ಬೂಟಿನ ವಾಸನೆಯೂ ಕೊಟ್ಟಿಗೆಯ ವಾಸನೆಯೂ ಸೇರಿದಂಥದ್ದು. ಒಂದು ಮೂಲೆ ಎತ್ತಿ ನೋಡಿದರೆ ಕೆಳಗೆ ನೀರೇ ನಿಂತಿದೆ. ಮ್ಯಾಟಿಲ್ಲದಾಗ ನೆಲದ ತೇವ ಗಾಳಿಗೆ ಆರಿಹೋಗುತ್ತಿತ್ತು. ಈಗ ಮೇಲೆ ಮುಚ್ಚಳ ಬಿದ್ದ ಹಾಗಾಗಿ ಅಲ್ಲೇ ಕೂತುಬಿಟ್ಟಿತ್ತು. ಜೊತೆಗೆ ಜಯ ದಿನಾ ಬೆಳಿಗ್ಗೆ ಬಾಗಿಲಿಗೆ ಹಾಕುವ ನೀರಿನಲ್ಲಿ ಒಂದಿಷ್ಟು ಶೆಡ್ಡಿನೊಳಕ್ಕೂ ನುಗ್ಗುತ್ತಿತ್ತು. ಅದನ್ನು ಹೇಳಿದರೆ, "ಬಾಗಿಲಿಗೆ ನೀರು ಹಾಕದೆ ಇರೋಕೆ ನಮ್ಮನೇಲಿ ಸೂತಕವೇ?" ಎಂದು ನನ್ನನ್ನೇ ಕೇಳಿದಳು. ನಾನು ನಾಲೆಯನ್ನು ಬೈದುಕೊಂಡು ಸುಮ್ಮನಾದೆ. ಹೆಂಡತಿಯನ್ನು ಬೈಯುವುದಕ್ಕಿಂತ ನಾಲೆಯನ್ನು ಬೈಯುವುದು ಸುಲಭ, ಅದು ತಿರುಗಿ ಬೈಯುವುದಿಲ್ಲ.

ಉಪಾಯಗಳಿಗೇನೂ ಬರವಿರಲಿಲ್ಲ. ನಾನು ಹಳೆಯ ಪೇಪರು ತಂದು ಮ್ಯಾಟಿನ ಕೆಳಗೆ ಹರಡಿದೆ. ಪೇಪರು ನೀರು ಕುಡಿದು ನೆಲಕ್ಕೆ ಅಂಟಿಕೊಂಡು, ಕಿತ್ತರೆ ಸುದ್ದಿ ಸಿಮೆಂಟಿನ ಮೇಲೆ ಉಲ್ಟಾ ಅಚ್ಚಾಗಿತ್ತು. ಒಬ್ಬ ಮಂತ್ರಿಯ ಅರ್ಧ ಮುಖ ಇನ್ನೂ ಅಲ್ಲೇ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ. ಜಯ ಟೇಬಲ್ ಫ್ಯಾನು ತಂದಿಟ್ಟಳು. ಮೇಲೆ ಗಾಳಿಯೋ ಗಾಳಿ, ಕೆಳಗೆ ನೀರೋ ನೀರು. "ಅದ್ಕೆಲ್ಲ ಬತ್ತದ್ ಒಟ್ಟೇ ಸೈ, ತ್ಯಾವಾನೆಲ್ಲ ಈರ್ಕತದೆ" ಅಂದಳು ಅಕ್ಕ. ಅಕ್ಕಿ ಗಿರಣಿಯಿಂದ ಒಂದು ಮೂಟೆ ಹೊಟ್ಟು ತಂದೆ, ಹರಡಿದೆವು, ಮೇಲೆ ಮ್ಯಾಟು ಹೊದಿಸಿದೆವು. ಹೊಟ್ಟು ನೀರನ್ನೇನೋ ಹೀರಿತು. ಹೀರಿ ಒಂದು ಕಡೆ ಗುಪ್ಪೆ, ಒಂದು ಕಡೆ ತಗ್ಗಾಗಿ, ಮ್ಯಾಟು ಪಾರ್ಕಿನ ಸೀ-ಸಾ ಹಲಗೆಯ ಹಾಗೆ ಏಳುತ್ತಾ ಬೀಳುತ್ತಾ ಇತ್ತು.

ಅದರ ಮೇಲೆಯೇ ಅಕ್ಕ ಮಾರನೆಯ ಬೆಳಿಗ್ಗೆ ವಾಕರ್ ಹಿಡಿದು ನಡೆದಳು. ಅರ್ಧ ದಾರಿಯಲ್ಲಿ ಮ್ಯಾಟು ಸರಕ್ಕನೆ ಒಂದು ಗೇಣು ಸರಿಯಿತು. ವಾಕರಿನ ಕಾಲು ವಾಲಿತು, ಅಕ್ಕನೂ ವಾಲಿದಳು. ಪಕ್ಕದಲ್ಲೇ ಬಟ್ಟೆ ಹರವುತ್ತಿದ್ದ ಜಯ ಕೈಲಿದ್ದ ಒದ್ದೆ ಸೀರೆ ಬಿಸಾಕಿ ಅಕ್ಕನನ್ನು ಅವುಚಿ ಹಿಡಿದುಕೊಳ್ಳದಿದ್ದರೆ ಏನಾಗುತ್ತಿತ್ತೋ. ನನ್ನ ಹೆಂಡತಿ ತೆಳ್ಳನೆಯ ಹೆಂಗಸು. ಅಕ್ಕನ ಅಷ್ಟೂ ಭಾರ ಹೊತ್ತು, ನಾನು ಕುರ್ಚಿ ತರುವವರೆಗೆ ಹಲ್ಲು ಕಚ್ಚಿ ಗೋಡೆಗೊರಗಿ ನಿಂತಿದ್ದಳು. ಅವತ್ತಿನಿಂದ ಅವಳು ಎಷ್ಟು ನೀರು ಹಾಕಿದರೂ ನಾನು ತುಟಿ ಬಿಚ್ಚಿಲ್ಲ.

ಅಕ್ಕನಿಗೆ ಪೆಟ್ಟಾಗಲಿಲ್ಲ. ಆದರೆ ಒಳಗೆ ಏನೋ ಕುಸಿದಿತ್ತು. ಮಾರನೆಯ ದಿನ ಏಳಲಿಲ್ಲ, ಅದರ ಮಾರನೆಯ ದಿನವೂ ಏಳಲಿಲ್ಲ. ಕರೆದರೆ ಗೋಡೆ ಕಡೆ ಮುಖ ಮಾಡಿಕೊಂಡು, "ನನ್ ಕೈಲಾಗಾಕಿಲ್ಲ ಬುಡ್ಲಾ. ಕೆಂಪಿನ ಅವ್ರೇ ಯಾರಾರ ನೋಡ್ಕಳ್ಳಿ" ಅಂದಳು. ಅಕ್ಕನ ಬಾಯಲ್ಲಿ ಆಗುವುದಿಲ್ಲ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಹೆದರಿಬಿಟ್ಟೆ. ಸೊಂಟ ಮುರಿದದ್ದಕ್ಕೂ ಅಷ್ಟು ಹೆದರಿರಲಿಲ್ಲ. ಜಯ ಮೊಬೈಲು ಎತ್ತಿಕೊಂಡು ಹಿತ್ತಲಿಗೆ ಹೋಗಿ ಭಾವನಿಗೆ ಫೋನು ಮಾಡಿದಳು.

ಭಾನುವಾರ ಭಾವ ಬಂದ. ಬಂದವನು ಅಕ್ಕನ ಹತ್ತಿರ ಹೋಗದೆ ಸೀದಾ ಶೆಡ್ಡಿಗೆ ಹೋಗಿ ಮ್ಯಾಟಿನ ಮೂಲೆ ಎತ್ತಿದ. ಹೊಟ್ಟಿನ ರಾಡಿ ನೋಡಿ ನನ್ನ ಮುಖ ನೋಡಿದ. ನಾನು ನಾಲೆ, ಗದ್ದೆ, ಅಂತರ್ಜಲ ಎಂದು ಪಾಠ ಶುರುಮಾಡಿದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಮ್ಯಾಟನ್ನು ಪೂರ್ತಿ ಮಗುಚಿ ಹಾಕಿ, ಅದರ ಬೆನ್ನಿನ ಮೇಲೆ ಉದ್ದಕ್ಕೂ ಇರುವ ಗೀರುಗಳ ಮೇಲೆ ಬೆರಳಾಡಿಸಿ, ಒಮ್ಮೆ ಗೋಡೆ ನೋಡಿದ, ಒಮ್ಮೆ ಗೇಟು ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ.

"ತತ್ತೇರಿ! ಅಸ ಕಟ್ಟೋ ಅಂಗೇ ಆಸ್ಬುಟ್ಟಿವ್ನಿ ಕಣ್ಲಾ!"

ಆದದ್ದು ಇಷ್ಟು. ಕೊಟ್ಟಿಗೆಯಲ್ಲಿ ಹಸುವಿನ ತಲೆ ಗೋಡೆ ಕಡೆ, ಬಾಲ ಈಚೆ. ಗಂಜಲ ಮ್ಯಾಟಿನ ಕೆಳಗಿನ ಗೀರುಗಳಲ್ಲಿ ಹರಿದು ಬಾಲದ ಕಡೆಯ ಚರಂಡಿಗೆ ಬೀಳಬೇಕು. ವರ್ಷಗಟ್ಟಲೆ ಹಾಗೆ ಹಾಸಿ ಹಾಸಿ ಪಳಗಿದ ಕೈ, ಇಲ್ಲಿಯೂ ತಲೆ ಆ ಗೋಡೆಗೆ, ಬಾಲ ಈ ಗೋಡೆಗೆ ಎಂದು ಅಡ್ಡಡ್ಡ ಹಾಸಿಬಿಟ್ಟಿತ್ತು. ನಮ್ಮ ಶೆಡ್ಡಿನ ಇಳಿಜಾರು ಇರುವುದು ಗೇಟಿನ ಕಡೆಗೆ, ಕಾರು ತೊಳೆದ ನೀರು ಹೊರಗೆ ಹೋಗಲೆಂದು. ಗೀರುಗಳೆಲ್ಲ ನೀರಿಗೆ ಅಡ್ಡ ಬದು ಕಟ್ಟಿದ ಹಾಗೆ ಕೂತಿದ್ದವು. ಕಾರಿನ ಶೆಡ್ಡಿನಲ್ಲಿ ಇಲ್ಲದ ಹಸುವಿಗೆ ಕೊಟ್ಟಿಗೆ ಮಾಡಿ, ನಾವೆಲ್ಲ ಅದರ ಕೆಳಗಿನ ನೀರಿಗೆ ಕನ್ನಂಬಾಡಿಯನ್ನು ಹೊಣೆ ಮಾಡುತ್ತಿದ್ದೆವು. ನೀರು ಬರುತ್ತಿದ್ದದ್ದು ನಿಜ, ಹೋಗುವುದಕ್ಕೆ ದಾರಿ ಕೊಡದಿದ್ದದ್ದು ನಾವು.

ಭಾವನ ಕೂಗಿಗೆ ಒಳಗಿನಿಂದ ಅಕ್ಕನ ದನಿ ಬಂತು. "ಏನಂತೆ ಅದು?"

"ಅಕ್ಕ, ಭಾವ ಅಸ ಕಟ್ಟೋ ಅಂಗೆ ಆಸಿದ್ರಂತೆ" ಎಂದು ಜಯ ನಗು ತಡೆಯಲಾರದೆ ಅಕ್ಕನ ಭಾಷೆಯಲ್ಲೇ ಹೇಳಿದಳು.

ಅಕ್ಕ, "ಏನಯ್ಯೋ, ನನ್ನೂ ಗ್ವಾದ್ಲಿಗ್ ಕಟ್ಟಿ ಉಲ್ಲಾಕ್ಬೇಕು ಅಂತಿದ್ಯಾ? ಕುರ್ಚಿ ಈಚಿಕ್ ಎಳ್ಕಂಡ್ ಬಾರೇ ಜಯಾ, ಇವ್ನ್ ಯೋಗ್ತಿ ನೋಡ್ತೀನಿ" ಎಂದು ಗದರಿದಳು. ಆ ಗದರು ಕೇಳಿ ನನ್ನ ಜೀವ ವಾಪಸು ಬಂತು. ಅಕ್ಕ ಬೈಯುತ್ತಿದ್ದಾಳೆ ಅಂದರೆ ಅಕ್ಕ ಬದುಕಿದ್ದಾಳೆ ಎಂದು ಅರ್ಥ.

ಭಾವನೂ ನಾನೂ ಸೇರಿ ಹೊಟ್ಟು ಗುಡಿಸಿ, ನೆಲ ಉಜ್ಜಿ, ಮ್ಯಾಟುಗಳನ್ನೆಲ್ಲ ಗೀರು ಗೇಟಿನ ಕಡೆಗೆ ಮುಖ ಮಾಡುವ ಹಾಗೆ ತಿರುಗಿಸಿ ಹಾಸಿದೆವು. ಗಾಳಿಯಾಡಲೆಂದು ಗೋಡೆಯ ಪಕ್ಕ ನಾಲ್ಕು ಬೆರಳು ಜಾಗ ಬಿಟ್ಟೆವು. ಹಸುವಿನ ಮ್ಯಾಟು ಎಷ್ಟು ಭಾರ ಅನ್ನುವುದು ಎತ್ತಿದವರಿಗೇ ಗೊತ್ತು. ಸಮಾಜ ಪಾಠದ ಮೇಷ್ಟ್ರ ಬೆನ್ನು ಒಂದು ವಾರ ಮುಲಾಮಿನ ವಾಸನೆ ಹೊಡೆಯಿತು. ಭಾವ ಹಿಂದಿನ ಗೋಡೆ ಹತ್ತಿರ ಒಂದು ಚೊಂಬು ನೀರು ಸುರಿದ. ನಾವು ನಾಲ್ವರೂ ಗೇಟಿನ ಕಡೆ ಕಣ್ಣು ನೆಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಮ್ಯಾಟಿನ ತುದಿಯಿಂದ ದಾರದಂಥ ನೀರು ಈಚೆ ಬಂದು ಚರಂಡಿಗೆ ಇಳಿಯಿತು. "ಓಯ್ತಾ ಅದೆ, ಓಯ್ತಾ ಅದೆ" ಎಂದು ಅಕ್ಕ ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟಳು. ಯಾರೂ ಏಳು ಅಂದಿರಲಿಲ್ಲ.

ಅಲ್ಲಿಂದ ಮುಂದೆ ಅಕ್ಕ ನಡೆದ ರೀತಿ ನೋಡಬೇಕಿತ್ತು ನೀವು. ನಾನು ಬೆಳಿಗ್ಗೆ ಎದ್ದು ಮೊದಲು ಮ್ಯಾಟಿನ ಕೆಳಗೆ ಕೈ ಇಟ್ಟು, "ಒಣಗಿದೆ ಅಕ್ಕ" ಅನ್ನಬೇಕು, ಆಮೇಲೆ ಅವಳು ಕಾಲಿಡುತ್ತಿದ್ದಳು. ಆ ಅಭ್ಯಾಸ ನನಗೆ ಇವತ್ತಿಗೂ ಹೋಗಿಲ್ಲ. ನೋವಿಗೆ ಮುಖ ಕಿವುಚಿಕೊಂಡು, ವಾಕರನ್ನು ಬೈದು, ಡಾಕ್ಟರನ್ನು ಬೈದು, ನೋಡುತ್ತ ನಿಂತ ನನ್ನನ್ನು ಬೈದು, ಮತ್ತೆ ನಡೆಯುತ್ತಿದ್ದಳು. ಕೆಲವು ದಿನಕ್ಕೆ ವಾಕರ್ ಹೋಗಿ ಕೋಲು ಬಂತು. ಆದರೆ ಗೇಟಿನ ಹತ್ತಿರ ತಿರುಗುವಾಗ ಮಾತ್ರ ಅವಳ ಕೈ ತಾನಾಗಿ ಜಯಳ ಹೆಗಲು ಹುಡುಕುತ್ತಿತ್ತು. ತಿರುಗುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಭಾವನ ಫೋನು. ಅಕ್ಕ ಶೆಡ್ಡಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಸ್ಪೀಕರ್ ಹಾಕಿ ಕೊಟ್ಟೆ.

"ಬಾಲದ್ ಬುಡ ಗುಳಿ ಬಿದ್ದದೆ ಕಣಮ್ಮಿ. ಮೇವ್ ಮುಟ್ಟಿಲ್ಲ, ಎದ್ದು ಕುಂತು ಮಾಡ್ತದೆ. ಇವತ್ತೇ ಈಯ್ತದೆ."

ಅಕ್ಕ ಲೋಟ ಕೆಳಗಿಟ್ಟಳು. ಕೋಲು ಹಿಡಿದು ಎದ್ದು ಹಿಂದಿನ ಗೋಡೆಯವರೆಗೆ ಹೋಗಿ ಬೆನ್ನು ತಾಗಿಸಿ ನಿಂತಳು. ಜಯ ಎದ್ದು ಹತ್ತಿರ ಹೋದರೆ, "ಮುಟ್ಬ್ಯಾಡ ಕಣೇ" ಅಂದಳು. ಗೋಡೆ ಬಿಟ್ಟು ಹೊರಟಳು. ಗೇಟು ಬಂತು. ಅವಳ ಎಡಗೈ ಗಾಳಿಯಲ್ಲಿ ಒಂದು ಸಲ ಹೆಗಲು ಹುಡುಕಿತು, ಸಿಗದೆ ಸೀರೆಯನ್ನೇ ಬಿಗಿಯಾಗಿ ಹಿಡಿದುಕೊಂಡಿತು. ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಪೂರ್ತಿ ತಿರುಗಿದಳು. ತಿರುಗಿ ಗೋಡೆಯವರೆಗೂ ಬಂದು, ಅದನ್ನು ಕೈಯಿಂದ ಬಡಿದು ನನ್ನ ಕಡೆ ನೋಡಿದಳು.

"ಆಯ್ತಲ್ಲ ನಿನ್ ಡಾಕ್ಟ್ರ ಪರೀಕ್ಸೆ? ಬಾಯ್ ಬುಟ್ಕಂಡ್ ನಿಂತವ್ನೆ, ಕಾರ್ ತಗೀಲಾ."

ಫೋನಿನಲ್ಲಿ ಭಾವ ಇನ್ನೂ ಇದ್ದ. "ಅಲೋ, ಅಲೋ" ಅನ್ನುತ್ತಿದ್ದ. "ಬತ್ತಾ ಇವ್ನಿ ಅಂತ ಕೆಂಪಿಗ್ ಯೋಳು" ಎಂದು ಅಕ್ಕ ಅದಕ್ಕೆ ಕೂಗಿ ಹೇಳಿದಳು. ಡಾಕ್ಟರಿಗೆ ನಾನು ದಾರಿಯಲ್ಲಿ ಹೇಳುತ್ತೇನೆ ಅಂದರೆ, "ಬೇಡ ಅಂದ್ರೆ ಏನ್ ಮಾಡ್ತೀರಿ? ತಲುಪಿದ ಮೇಲೆ ಹೇಳಿ" ಅಂದಳು ಜಯ, ಸೀಟಿನ ಮೇಲೆ ದಿಂಬು ಪೇರಿಸುತ್ತ.

ಮಳವಳ್ಳಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಅಕ್ಕ ಟ್ರ್ಯಾಕ್ಟರಿನವನ ವಂಶವನ್ನೆಲ್ಲ ನೆನೆಸಿಕೊಂಡಳು. ಹಳ್ಳಕ್ಕೆ ಚಕ್ರ ಇಳಿದಾಗ ಮಾತ್ರ ತುಟಿ ಕಚ್ಚಿ ಸುಮ್ಮನಿದ್ದಳು. ಬೆಳಕವಾಡಿ ಮುಟ್ಟಿ, ಕೊಟ್ಟಿಗೆ ಮುಂದೆ ಕಾರು ನಿಲ್ಲಿಸಿದಾಗ ಒಳಗಿಂದ ಕೆಂಪಿ ಗಂಟಲಲ್ಲೇ ಹೂಂಗುಟ್ಟುವ ಸದ್ದು ಕೇಳಿಸಿತು. ಆಗಲೇ ಈದಿತ್ತು. ಅಕ್ಕನ ಮುಖ ಚಿಕ್ಕದಾಯಿತು. ಇಳಿದು, ಕೋಲೂರಿ ಒಳಗೆ ಹೋದಳು. ನೆಲದ ಮೇಲೆ ಮ್ಯಾಟಿಲ್ಲ, ಹುಲ್ಲು, ನೀರು, ರಾಡಿ. ನಾನು ಹಿಡಿಯಲು ಹೋದೆ, ಜಯ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅಕ್ಕ ಒಂದೊಂದೇ ಹೆಜ್ಜೆ ಇಟ್ಟು ಕೆಂಪಿಯ ಬೆನ್ನಿಗೆ ಕೈ ಹಾಕಿದಳು. ಹಸು ತಲೆ ತಿರುಗಿಸಿ ಅವಳ ಸೀರೆ ಮೂಸಿತು.

ಕರು ಅದರ ಮುಂಗಾಲ ಹತ್ತಿರ ಹುಲ್ಲಿನ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ನೋಡಿದಳು, ಬಗ್ಗಲು ಹೋದಳು.

"ಬಗ್ಬ್ಯಾಡ ಕಣಮ್ಮಿ" ಎಂದು ಭಾವ ಮಂಡಿಯೂರಿ ಕೂತು ಕರುವನ್ನು ಎರಡು ತೋಳಲ್ಲೂ ಬಾಚಿಕೊಂಡು, ತಿಣುಕಿ ಎದ್ದು, ಅವಳ ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. ಅವನ ಅಂಗಿಯೆಲ್ಲ ಲೋಳೆ. ಅಕ್ಕ ಕರುವಿನ ಮೂಗು ಮುಟ್ಟಿದಳು, ಕಿವಿ ಮುಟ್ಟಿದಳು, ನಾನು ಎಂದೂ ಕಾಣದ ಹಾಗೆ ಅವಳ ಕಣ್ಣು ತುಂಬಿತ್ತು. ಬಾಯಿ ಮಾತ್ರ ಬಿಟ್ಟುಕೊಡಲಿಲ್ಲ.

"ಇನ್ನೂ ಒದ್ದೆ ಮುದ್ದೆ ಆಗದೆ ಕಣಯ್ಯ. ಒಸಿ ಒರಸ್ಬಾರ್ದಾಗಿತ್ತಾ?"

"ಮೂಗು ಬಾಯಿ ಒರಸಿವ್ನಿ" ಅಂದ ಭಾವ, ಏದುಸಿರಿನಲ್ಲಿ. "ಮಿಕ್ಕಿದ್ದು ನೀ ಒರಸ್ತೀಯ ಅಂತ ಬುಟ್ಟಿದ್ದೆ."

ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಎಳೆದು, ಎರಡೂ ಕೈಯಿಂದ ಕರುವನ್ನು ಒರೆಸತೊಡಗಿದಳು.